ತಿರುಗಾಡುವ ಮನೆಗೊಂದು ಬಚ್ಚಲು

ಬೇಸಿಗೆ ರಜೆ ಬಂತೆಂದರೆ ಆರ್‌ವಿ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್ ಕಡೆಗೆ ಹೊರಡುವ ಕನ್ನಡ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಅಕ್ಕಿ, ಹುಳಿಪುಡಿ, ಕುಕ್ಕರ್ ಎಲ್ಲವನ್ನೂ ನೆನಪಿನಿಂದ ತುಂಬಿಕೊಳ್ಳುತ್ತೇವೆ. ಮರೆಯುವುದು ಸ್ನಾನದ ಲೆಕ್ಕ!

ನಾವು ಮೊದಲ ಸಲ ಹೋದಾಗ ಊರಿನಿಂದ ಬಂದಿದ್ದ ಅಪ್ಪ ಅಮ್ಮನೂ ಸೇರಿ ಆರು ಜನ. ಗಾಡಿಯ ಹೀಟರಿನ ಟ್ಯಾಂಕು 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್. ಸ್ನಾನವಾಗದೆ ಕಾಫಿ ಮುಟ್ಟದ ಅಮ್ಮ ಮೂರನೆಯವರಾಗಿ ಹೋಗಿ ನಡುಗುತ್ತಾ ಹೊರಬಂದರು. ಅಂದು ಯಾರೂ ಹೆಚ್ಚು ಮಾತಾಡಲಿಲ್ಲ.

ಮುಂದೆ ನಾವೇ ಒಂದು ಹಳೆಯ ಟ್ರೈಲರ್ ಕೊಂಡಾಗ ನಾನು ಮೊದಲು ವಿಚಾರಿಸಿದ್ದು ಟ್ಯಾಂಕ್‌ಲೆಸ್ ಹೀಟರ್ ಬಗ್ಗೆ. ಬೆಂಗಳೂರಿನ ಗ್ಯಾಸ್ ಗೀಸರ್ ನೋಡಿದವರಿಗೆ ಇದು ಹೊಸದಲ್ಲ. ನಲ್ಲಿ ತಿರುಗಿಸಿದರೆ ಪ್ರೋಪೇನ್ ಹೊತ್ತಿಕೊಳ್ಳುತ್ತದೆ, ನೀರು ಹರಿಯುತ್ತಲೇ ಕಾಯುತ್ತದೆ, ನಿಲ್ಲಿಸಿದರೆ ಉರಿ ಆರುತ್ತದೆ. ಹಳೆಯ ಟ್ಯಾಂಕ್ ಹೀಟರಿನ ಉರಿ ಸುಮಾರು 12,000 ಬಿಟಿಯು ಆದರೆ ಇದರದ್ದು 42,000ದಿಂದ 60,000.

ಜಾಹೀರಾತಿನವರು 'ಮುಗಿಯದ ಬಿಸಿನೀರು' ಅನ್ನುತ್ತಾರೆ. ಸ್ವಲ್ಪ ತಾಳಿ. ಬೆಟ್ಟದ ಮೇಲೆ ನಲ್ಲಿ ನೀರು 45 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ, 42,000 ಬಿಟಿಯು ಹೀಟರು ನಿಮಿಷಕ್ಕೆ ಒಂದು ಗ್ಯಾಲನ್ ಬಿಟ್ಟಾಗ ಹೆಚ್ಚುಕಡಿಮೆ 110ಕ್ಕೆ ಏರಿಸುತ್ತದೆ. ಎರಡು ಗ್ಯಾಲನ್ ಬಿಟ್ಟರೆ 80 ಕೂಡ ಕಷ್ಟ. ತೀರಾ ಸಣ್ಣಗೆ ಬಿಟ್ಟರೋ, ಉರಿ ಹೊತ್ತುವುದೇ ಇಲ್ಲ. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಮೊದಲು ಬಿಸಿ, ನಡುವೆ ತಣ್ಣೀರು, ಆಮೇಲೆ ಪುನಃ ಬಿಸಿ. ನಮ್ಮ ಮಗಳ ಕೂಗು ಪಕ್ಕದ ಗಾಡಿಯವರಿಗೂ ಕೇಳಿಸಿತ್ತು. ನೀರನ್ನು ಒಳಗೇ ಸುತ್ತಿಸುವ ದುಬಾರಿ ಮಾದರಿಗಳಲ್ಲಿ ಈ ಕಾಟ ಕಡಿಮೆ.

ಇನ್ನು ನೀರು ಎಲ್ಲಿಂದ ಬರಬೇಕು? ಗಾಡಿಯ ತೊಟ್ಟಿ 40 ಗ್ಯಾಲನ್ ಇದ್ದರೆ, ನಿಮಿಷಕ್ಕೆ ಒಂದೂವರೆಯಂತೆ ಅರ್ಧ ಗಂಟೆಯೊಳಗೆ ಖಾಲಿ. ಬಳಸಿದ ನೀರು ತುಂಬುವ ತೊಟ್ಟಿಯೂ ಅಷ್ಟೇ ಬೇಗ ಭರ್ತಿ. ಆದ್ದರಿಂದ ಕಾಡಿನಲ್ಲಿ ಒಂಟಿಯಾಗಿ ತಂಗುವವರಿಗೆ ಹಳೆಯ ಟ್ಯಾಂಕೇ ವಾಸಿ ಅಂತ ನನ್ನ ಅಭಿಪ್ರಾಯ. ನೀರು, ಕರೆಂಟು, ಒಳಚರಂಡಿ ಮೂರೂ ಇರುವ ಕಡೆ (ಯೆಲ್ಲೋಸ್ಟೋನ್ ಒಳಗೆ ಇಂಥದ್ದು ಫಿಷಿಂಗ್ ಬ್ರಿಜ್ ಒಂದೇ) ತಂಗುವ ದೊಡ್ಡ ಕುಟುಂಬಕ್ಕೆ ಟ್ಯಾಂಕ್‌ಲೆಸ್ ನಿಜಕ್ಕೂ ವರ. ನಾವು ಹಾಕಿಸಿದ್ದೂ ಅದಕ್ಕೇ.

ಒಂದು ಮಾತು ಮಾತ್ರ ತಮಾಷೆಯಲ್ಲ. ಊರಿನಲ್ಲಿ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಕಾರ್ಬನ್ ಮಾನಾಕ್ಸೈಡಿಗೆ ಪ್ರಾಣ ಕಳೆದುಕೊಂಡವರ ಸುದ್ದಿ ನಾವೆಲ್ಲ ಓದಿದ್ದೇವೆ. ಆರ್‌ವಿ ಹೀಟರು ಗಾಳಿ ಎಳೆಯುವುದೂ ಹೊಗೆ ಬಿಡುವುದೂ ಗೋಡೆಯ ಹೊರಗೆ. ಅಗ್ಗವಾಗಿ ಸಿಗುತ್ತದೆಂದು ಹೊರಾಂಗಣದ ಪೋರ್ಟಬಲ್ ಹೀಟರನ್ನು ಗಾಡಿಯೊಳಗೆ ನೇತುಹಾಕಬೇಡಿ. ಹೊರಡುವ ಮುನ್ನ ಕಾರ್ಬನ್ ಮಾನಾಕ್ಸೈಡ್ ಅಲಾರಂನ ಗುಂಡಿ ಒತ್ತಿ ಸದ್ದು ಬರುತ್ತದೆಯೇ ನೋಡಿ. ಹೊರಗಿನ ಹೊಗೆಕಿಂಡಿಯಲ್ಲಿ ಜೇಡ, ಕಣಜ ಗೂಡು ಕಟ್ಟಿದ್ದರೆ ತೆಗೆಸಿ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ಹೀಟರಿನ ನೀರನ್ನು ಪೂರ್ತಿ ಬಸಿಯಿರಿ. ಒಳಗಿನ ಸಣ್ಣ ಕೊಳವೆ ಹೆಪ್ಪುಗಟ್ಟಿ ಒಡೆದರೆ ಹೊಸ ಹೀಟರೇ ಗತಿ.

ಈಗ ನಮ್ಮಲ್ಲಿ ಮೊದಲ ಸರದಿ ಅಮ್ಮನದು.