ಎಡಗಾಲಿಗೆ ರಜೆ, ಕ್ಲಚ್ಚಿಗಲ್ಲ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಿಂದ ಮೇಲೆ ಬರುವ ರ‍್ಯಾಂಪ್ ಬಲು ಕಡಿದು. ಬೆಳಿಗ್ಗೆ ಎಂಟೂವರೆಗೆ ಗೇಟಿನ ಮುಂದೆ ಸ್ಕೂಲ್ ವ್ಯಾನ್ ನಿಂತುಬಿಟ್ಟರೆ ಹಿಂದಿನ ಕಾರುಗಳೆಲ್ಲ ಆ ಏರಿನ ಮೇಲೇ ಕಾಯಬೇಕು. ನನ್ನ ಭಾವಮೈದನದು ಎಎಂಟಿ ಗೇರಿನ ಪುಟ್ಟ ಕಾರು. ಅವನು ಕಾಯುವಾಗ ಬ್ರೇಕ್ ಒತ್ತುತ್ತಿರಲಿಲ್ಲ. ಕಾರು ಹಿಂದಕ್ಕೆ ಜಾರದಷ್ಟು, ಮುಂದಕ್ಕೂ ಹೋಗದಷ್ಟು ಆಕ್ಸಿಲರೇಟರನ್ನೇ ಒತ್ತಿಕೊಂಡು ನಿಲ್ಲುತ್ತಿದ್ದ. ಆಟೋಮ್ಯಾಟಿಕ್ ಅಲ್ಲವೇ, ಅದೇ ನೋಡಿಕೊಳ್ಳುತ್ತದೆ ಎಂಬ ಧೈರ್ಯ.

38 ಸಾವಿರ ಕಿಲೋಮೀಟರಿಗೆ ಕಾರು ಏರಿನಲ್ಲಿ ಎಳೆಯದಾಯಿತು. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದಾಗ ನಾನೂ ಜೊತೆಗಿದ್ದೆ. ಕ್ಲಚ್ ಪ್ಲೇಟಿನ ಲೈನಿಂಗ್ ರಿವೆಟ್ಟಿನವರೆಗೂ ಸವೆದಿತ್ತು. ಅದಕ್ಕೆ ಒತ್ತಿಕೊಂಡಿರುವ ಪ್ರೆಷರ್ ಪ್ಲೇಟಿನ ಮೈಮೇಲೆ ನವಿಲುಗರಿಯಂಥ ನೀಲಿ ಕಲೆಗಳು. ಕಬ್ಬಿಣ ವಿಪರೀತ ಕಾದಾಗ ಬೀಳುವ ಕಲೆ ಅದು. ಮೆಕ್ಯಾನಿಕ್ ಪ್ಲೇಟನ್ನು ಕೈಯಲ್ಲಿ ತಿರುಗಿಸಿ ತೋರಿಸಿದ: "ಸಾರ್, ನಿಮ್ಮ ಕಾಲಿಗೆ ರಜೆ ಕೊಟ್ಟಿದ್ದಾರೆ ಅಷ್ಟೇ. ಇದಕ್ಕೆ ಯಾರೂ ರಜೆ ಕೊಟ್ಟಿಲ್ಲ."

ಆಟೋಮ್ಯಾಟಿಕ್ ಕಾರುಗಳ ರಿಪೇರಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ. ಹೈವೇಯಲ್ಲಿ ನೂರರ ವೇಗದಲ್ಲಿ ಓಡುವಾಗ ಈ ಗೇರ್‌ಬಾಕ್ಸ್‌ಗಳಿಗೆ ಏನೂ ಆಗುವುದಿಲ್ಲ. ಸಿಲ್ಕ್ ಬೋರ್ಡಿನಲ್ಲಿ, ಹೆಬ್ಬಾಳದಲ್ಲಿ ಗೇಣು ಗೇಣೇ ಸರಿಯುವಾಗ ಅವು ಸಾಯುತ್ತವೆ.

ನಮ್ಮಲ್ಲಿ ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತವೆ. ನಿಮ್ಮ ಕಾರಿನಲ್ಲಿರುವುದು ಯಾವುದು ಎಂದು ಗೊತ್ತಿಲ್ಲದೆ ಯಾರ ಸಲಹೆಯನ್ನೂ ಪಾಲಿಸಬೇಡಿ, ಈ ಲೇಖನದ್ದನ್ನೂ ಸೇರಿಸಿ.

2014ರಲ್ಲಿ ಮಾರುತಿಯ ಸೆಲೆರಿಯೊ ಜೊತೆ ನಮ್ಮ ಸಣ್ಣ ಕಾರುಗಳಿಗೆ ಬಂದದ್ದು ಎಎಂಟಿ. ಒಳಗೆ ಇರುವುದು ಹಳೆಯ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಅದೇ ಒಂಟಿ ಕ್ಲಚ್ ಪ್ಲೇಟೇ. ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಮಾತು ಕೇಳುವ ಆಕ್ಚುಯೇಟರ್ ಮಾಡುತ್ತದೆ. ಅಗ್ಗ, ಮೈಲೇಜೂ ಕೊಡುತ್ತದೆ, ಹಾಗಾಗಿ ಎಲ್ಲರಿಗೂ ಇಷ್ಟ. ಆದರೆ ಕಾರು ನಿಂತಲ್ಲಿಂದ ಹೊರಟು ಒಂದು ವೇಗಕ್ಕೆ ಬರುವವರೆಗೆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಡ್ರೈವಿಂಗ್ ಸ್ಕೂಲಿನಲ್ಲಿ "ಹಾಫ್ ಕ್ಲಚ್ ಬೇಡ" ಎಂದು ಬೈಸಿಕೊಂಡಿದ್ದೆವಲ್ಲ, ಈಗ ಅದೇ ತಪ್ಪನ್ನು ಕಂಪ್ಯೂಟರ್ ಕೈಯಲ್ಲಿ ಮಾಡಿಸುತ್ತಿದ್ದೇವೆ. ಟ್ರಾಫಿಕ್ಕಿನಲ್ಲಿ ಮುಂದಿನ ಕಾರು ಎರಡಡಿ ಸರಿದೊಡನೆ ನಾವೂ ಎರಡಡಿ ಸರಿಯುವುದು ಈ ಪ್ಲೇಟಿಗೆ ವಿಷ. ಎರಡು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಮೇಲೆ ಕಾಲಿಟ್ಟು ಕಾಯಿರಿ, ಆಮೇಲೆ ಒಂದೇ ಬಾರಿ ಹೊರಡಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ, ನಿಜ. ನುಗ್ಗಲಿ ಬಿಡಿ, ಅವನಿಗೆ ಕೊಟ್ಟ ಜಾಗಕ್ಕಿಂತ ಕ್ಲಚ್ ಸೆಟ್ಟಿನ ಬೆಲೆ ಹೆಚ್ಚು.

ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರನ್ನು ನಿಲ್ಲಿಸುವುದಂತೂ ಕೂಡದು. ಹ್ಯಾಂಡ್‌ಬ್ರೇಕ್ ಎಳೆಯಿರಿ, ಹೊರಡುವಾಗ ಆಕ್ಸಿಲರೇಟರ್ ಒತ್ತಿ ಕಾರು ಎಳೆಯುವುದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ 'ಡಿ'ಯಲ್ಲಿ ಬಿಟ್ಟರೆ ಗೇರ್ ಎರಡು, ಮೂರು, ಮತ್ತೆ ಎರಡು ಎಂದು ತಡಕಾಡುತ್ತಿರುತ್ತದೆ. 'ಎಂ'ಗೆ ಎಳೆದು ಎರಡರಲ್ಲೋ ಒಂದರಲ್ಲೋ ಕಟ್ಟಿಹಾಕಿ. ಇಳಿಯುವಾಗಲೂ ಅಷ್ಟೆ, ಗೇರೇ ಕಾರನ್ನು ಹಿಡಿದಿಡಲಿ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವವರಿಗೆ ಬ್ರೇಕ್ ಕಾದು ಕೈಕೊಟ್ಟ ದಿನ ಲೆಕ್ಕ ತಿಳಿಯುತ್ತದೆ.

ಎಎಂಟಿಯವರು ಮರೆಯುವ ಇನ್ನೊಂದು ವಸ್ತು ಬ್ಯಾಟರಿ. ಆಕ್ಚುಯೇಟರ್ ಓಡುವುದು ಅದರಿಂದ. ಬ್ಯಾಟರಿ ಸೋತರೆ ಗೇರ್ ಬೀಳುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿನುಗುತ್ತದೆ, ಗೇರ್‌ಬಾಕ್ಸೇ ಹೋಯಿತೆಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಮೊದಲು ಬ್ಯಾಟರಿ ಚೆಕ್ ಮಾಡಿಸಿ. ಕ್ಲಚ್ ಹೊಸದು ಹಾಕಿದ ಮೇಲೆ ಅದು ಎಲ್ಲಿ ಕಚ್ಚುತ್ತದೆ ಎಂಬುದನ್ನು ಸ್ಕ್ಯಾನರ್ ಹಾಕಿ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಬಿಲ್ ಕೊಡುವ ಮೊದಲು ಅದನ್ನು ಮಾಡಿದ್ದೀರಾ ಎಂದು ಕೇಳಿ.

ಡಿಸಿಟಿ ಎನ್ನುವುದು ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಸಣ್ಣ ಕಾರುಗಳಲ್ಲಿ ಬರುವುದು ಸಾಮಾನ್ಯವಾಗಿ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚು. ಎಎಂಟಿಗೆ ಹೇಳಿದ್ದೆಲ್ಲ ಇದಕ್ಕೂ ಸಲ್ಲುತ್ತದೆ, ಖರ್ಚು ಮಾತ್ರ ಹೆಚ್ಚು.

ಸಿವಿಟಿಯ ಕಥೆಯೇ ಬೇರೆ. ಇಲ್ಲಿ ಗೇರಿನ ಹಲ್ಲುಚಕ್ರಗಳ ಸಾಲೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಪುಲ್ಲಿಗಳು ಅಗಲವಾಗುತ್ತ, ಕಿರಿದಾಗುತ್ತ ಹೋದಂತೆ ವೇಗದ ಅನುಪಾತ ಬದಲಾಗುತ್ತದೆ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ರಬ್ಬರ್ ಬೆಲ್ಟಿನಿಂದ ಇಂಥ ಪುಟ್ಟ ಕಾರು ಮಾಡಿ ತೋರಿಸಿತ್ತು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. 1984ರ ಕೈನೆಟಿಕ್ ಹೋಂಡಾದಿಂದ ಇಂದಿನ ಆಕ್ಟಿವಾವರೆಗೆ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದು ಇದೇ ತತ್ವ. ಸ್ಕೂಟರಿನಲ್ಲಿ ಬೆಲ್ಟು ಸವೆದರೆ ಹೊಸದು ಹಾಕಿ ಮನೆಗೆ ಬರಬಹುದು. ಕಾರಿನಲ್ಲಿರುವುದು ಉಕ್ಕಿನ ಬೆಲ್ಟು, ಉಕ್ಕಿನ ಪುಲ್ಲಿ. ಅದು ಒಮ್ಮೆ ಜಾರಿ ಪುಲ್ಲಿಯ ಮೈ ಗೀರಿತೆಂದರೆ ಹೊಸ ಗೇರ್‌ಬಾಕ್ಸಿಗೆ ಲಕ್ಷದ ಮಾತು.

ಉಕ್ಕಿಗೆ ಉಕ್ಕು ಉಜ್ಜಿದರೂ ಸವೆಯಬಾರದು, ಆದರೆ ಜಾರಲೂಬಾರದು. ಈ ವಿಚಿತ್ರ ಕೆಲಸವನ್ನು ಮಾಡುವುದು ಸಿವಿಟಿಯ ಎಣ್ಣೆ. ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಸುರಿದರೆ ನುಣುಪೇನೋ ಬರುತ್ತದೆ, ಹಿಡಿತ ಹೋಗುತ್ತದೆ. "ಎಲ್ಲಾ ಒಂದೇ ಆಯಿಲ್ ಸಾರ್, ಡಬ್ಬ ಬೇರೆ ಅಷ್ಟೇ" ಎನ್ನುವ ಗ್ಯಾರೇಜಿನಿಂದ ಸಿವಿಟಿ ಕಾರನ್ನು ಮರ್ಯಾದೆಯಿಂದ ವಾಪಸ್ ತನ್ನಿ. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ಚಕ್ರ ಹೂತಾಗ ಸುಮ್ಮನೆ ಆಕ್ಸಿಲರೇಟರ್ ತುಳಿಯುವುದೂ ಅಪಾಯ. ಗಿರಗಿರ ತಿರುಗುವ ಚಕ್ರಕ್ಕೆ ತಟಕ್ಕನೆ ಕಲ್ಲು ಸಿಕ್ಕಿದರೆ ಆ ಹೊಡೆತವೆಲ್ಲ ಬೆಲ್ಟಿಗೆ. ಚಕ್ರದಡಿ ಹಲಗೆಯನ್ನೋ ಗೋಣಿಚೀಲವನ್ನೋ ಕೊಟ್ಟು, ನಾಲ್ಕು ಜನ ತಳ್ಳುವುದೇ ಮೇಲು.

ನಾಲ್ಕನೆಯದು ಟಾರ್ಕ್ ಕನ್ವರ್ಟರ್, ಹಳೆಯ ಕಾಲದ ಅಸಲಿ ಆಟೋಮ್ಯಾಟಿಕ್. ಎರಡು ಫ್ಯಾನು ಎದುರುಬದುರಾಗಿ ಎಣ್ಣೆಯಲ್ಲಿ ಮುಳುಗಿವೆ ಎಂದುಕೊಳ್ಳಿ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಚಿಮ್ಮಿಸಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಟ್ರಾಫಿಕ್ಕನ್ನು ತಡೆದುಕೊಳ್ಳುವುದರಲ್ಲಿ ಇದೇ ಗಟ್ಟಿ, ಏಕೆಂದರೆ ಜಾರುವುದು ಎಣ್ಣೆ, ಪ್ಲೇಟಲ್ಲ. ಆದರೆ ಜಾರಿದಷ್ಟೂ ಎಣ್ಣೆ ಕಾಯುತ್ತದೆ. ಕಾಯುವುದು ಮಿತಿ ದಾಟಿದ ಮೇಲೆ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಸ್ಥೂಲ ಲೆಕ್ಕ.

"ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ" ಎಂಬ ಮಾತನ್ನು ಹಾಗಾಗಿ ನಾನು ನಂಬುವುದಿಲ್ಲ. ಯಾರ ಲೈಫು? ಓನರ್ಸ್ ಮ್ಯಾನ್ಯುವಲ್‌ನ ಸರ್ವಿಸ್ ಪಟ್ಟಿಯಲ್ಲಿ ಅನೇಕ ಕಡೆ ಸಾಮಾನ್ಯ ಬಳಕೆಗೆ ಒಂದು ಲೆಕ್ಕ, ಕಠಿಣ ಬಳಕೆಗೆ ಇನ್ನೊಂದು ಲೆಕ್ಕ ಇರುತ್ತದೆ. ನಿಂತು ನಿಂತು ಹೋಗುವುದು, ಬಿಸಿಲು, ಧೂಳು, ಘಾಟಿ ಇವೆಲ್ಲ ಎರಡನೆಯದರಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿಬರುವ ಕಾರು ಯಾವ ಪಟ್ಟಿಗೆ ಸೇರುತ್ತದೆ ಎಂದು ಹೇಳಬೇಕಿಲ್ಲ. ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿನಲ್ಲಿ ಕೆಳಗಿನ ಬೋಲ್ಟ್ ಬಿಚ್ಚಿದರೆ ಹೊರಬರುವುದು ಒಟ್ಟು ಎಣ್ಣೆಯ ಅರ್ಧವೋ ಅದಕ್ಕೂ ಕಡಿಮೆಯೋ; ಉಳಿದದ್ದು ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತದೆ. ಆದ್ದರಿಂದ ಒಮ್ಮೆ ಬದಲಿಸಿದ್ದೇನೆ ಎಂದು ನೆಮ್ಮದಿಯಾಗಿರಬೇಡಿ.

ಸಾಧ್ಯವಾದರೆ ಹಳೆಯ ಎಣ್ಣೆಯನ್ನು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ಒಳಗೆ ಏನೋ ಸುಡುತ್ತಿದೆ. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ: ಒಂದೋ ನೆರೆನೀರಿನಲ್ಲಿ ಕಾರು ನುಗ್ಗಿಸಿದಿರಿ, ಇಲ್ಲವೇ ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ಸೋರಿ ಕೂಲೆಂಟ್ ಬೆರೆತಿದೆ. ಕೂಲೆಂಟ್ ಬದಲು ನಲ್ಲಿನೀರು ತುಂಬಿಸಿ ರೇಡಿಯೇಟರನ್ನು ತುಕ್ಕು ಹಿಡಿಸುವವರು ಗೇರ್‌ಬಾಕ್ಸಿಗೂ ಅದೇ ದಾರಿ ತೋರುತ್ತಿರುತ್ತಾರೆ.

ಸಿಗ್ನಲ್ಲಿನಲ್ಲಿ 'ಡಿ'ಯೋ 'ಎನ್'ಓ ಎಂಬ ಜಗಳ ಮುಗಿಯುವಂಥದ್ದಲ್ಲ. ನನ್ನ ಪಾಲಿಗೆ ಲೆಕ್ಕ ಸರಳ. ಎಎಂಟಿಯಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಸಿವಿಟಿ ಮತ್ತು ಟಾರ್ಕ್ ಕನ್ವರ್ಟರಿನಲ್ಲಿ ಹತ್ತಿಪ್ಪತ್ತು ಸೆಕೆಂಡಿಗೆಲ್ಲ ಲಿವರ್ ಅಲ್ಲಾಡಿಸಬೇಡಿ, ಬ್ರೇಕ್ ಸಾಕು. ಆದರೆ ಹಿಂದಕ್ಕೆ ಜಾರುತ್ತಿರುವ ಕಾರನ್ನು 'ಡಿ'ಗೋ, ಮುಂದಕ್ಕೆ ಉರುಳುತ್ತಿರುವುದನ್ನು 'ಆರ್'ಗೋ ಹಾಕುವುದು ಯಾವ ಗೇರ್‌ಬಾಕ್ಸಿಗೂ ಸಲ್ಲದು. ಪೂರ್ತಿ ನಿಲ್ಲಬೇಕು.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಇಳಿಜಾರಿನಲ್ಲಿ ನೇರ 'ಪಿ'ಗೆ ಹಾಕಿ ಬ್ರೇಕ್ ಬಿಟ್ಟರೆ, ಕಾರಿನ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಹೆಬ್ಬೆರಳಿನಂಥ ಒಂದು ಕೊಕ್ಕೆಯ ಮೇಲೆ ಬೀಳುತ್ತದೆ. ಬೆಳಿಗ್ಗೆ ಲಿವರ್ ಎಳೆದಾಗ 'ಢಕ್' ಎನ್ನುವುದು ಅದೇ. ಬ್ರೇಕ್ ಒತ್ತಿಕೊಂಡೇ ನ್ಯೂಟ್ರಲ್‌ಗೆ ಬಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸಡಿಲಿಸಿ ಕಾರು ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲೆ 'ಪಿ'. ಎಎಂಟಿಯಲ್ಲಿ ಸಾಮಾನ್ಯವಾಗಿ 'ಪಿ' ಇರುವುದಿಲ್ಲ. ಗೇರಿನಲ್ಲಿಟ್ಟೇ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಗೇರ್‌ಬಾಕ್ಸ್ ಕಾದ ಎಚ್ಚರಿಕೆ ಬಂದರೆ ಪಕ್ಕಕ್ಕೆ ನಿಲ್ಲಿಸಿ. ಸಿವಿಟಿ, ಟಾರ್ಕ್ ಕನ್ವರ್ಟರ್ ಆದರೆ 'ಪಿ'ಯಲ್ಲಿ ಎಂಜಿನ್ ಓಡುತ್ತಿರಲಿ, ಎಣ್ಣೆ ಹರಿದು ತಣಿಯುತ್ತದೆ. ಕಾರು ಕೆಟ್ಟೇ ಹೋದರೆ, ಹಗ್ಗ ಕಟ್ಟಿ ಎಳೆಯಲು ಬರುವ ಊರಿನ ಉಪಕಾರಿಗಳನ್ನು ನಯವಾಗಿ ತಡೆಯಿರಿ. ಇವೆರಡರಲ್ಲೂ ಎಣ್ಣೆ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಸತ್ತು ಚಕ್ರ ಮಾತ್ರ ತಿರುಗಿದರೆ ಒಳಗಿನ ಭಾಗಗಳು ಒಣಗಿಕೊಂಡೇ ಉಜ್ಜುತ್ತವೆ. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಮುಂದಿನ ಚಕ್ರಗಳಿಂದಲೇ ಎಳೆತ, ಆದ್ದರಿಂದ ಆ ಎರಡು ಚಕ್ರ ನೆಲ ಬಿಟ್ಟು ಮೇಲಿರಬೇಕು. ಇಡೀ ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಸಿಕ್ಕರೆ ಇನ್ನೂ ಒಳ್ಳೆಯದು, ಒಂದೆರಡು ಗಂಟೆ ಕಾಯಬೇಕಾಗಿ ಬಂದರೂ.