ಮೊಬೈಲು ಕೊಡುವ ಉತ್ತರವನ್ನು ತೂಗಿ ನೋಡಿರಿ

ಮುಂಗಾರು ಸಮೀಪಿಸಿದಂತೆ ರೈತನ ಪ್ರಶ್ನೆಗಳೂ ಹೆಚ್ಚುತ್ತವೆ. ಯಾವ ತಳಿ ಬಿತ್ತಬೇಕು? ಎಕರೆಗೆ ಯೂರಿಯಾ ಎಷ್ಟು? ಗೇರಿನ ಚಿಗುರಿಗೆ ಬಿದ್ದ ಕೀಟಕ್ಕೆ ಔಷಧ ಯಾವುದು? ಹಿಂದೆ ಇಂಥ ಪ್ರಶ್ನೆಗಳನ್ನು ಊರ ಹಿರಿಯರಿಗೋ ಗ್ರಾಮಸೇವಕರಿಗೋ ಕೇಳುತ್ತಿದ್ದೆವು. ಈಗ ಕಿಸೆಯಲ್ಲಿ ಮೊಬೈಲು ಇದೆ. ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಬಾಯಿಂದ ಕೇಳಿದರೆ ಸಾಕು, ಕ್ಷಣದಲ್ಲಿ ಉತ್ತರ ಸಿಗುತ್ತದೆ.

ಇದು ಒಳ್ಳೆಯ ಸೌಕರ್ಯವೇ. ಆದರೆ ಉತ್ತರ ಬೇಗ ಬಂದಿತೆಂದರೆ ಅದು ಸರಿಯಾದ ಉತ್ತರವೆಂದು ಅರ್ಥವಲ್ಲ. ಉತ್ತರ ತಪ್ಪಿದರೆ ಯಂತ್ರಕ್ಕೆ ನಷ್ಟವಿಲ್ಲ. ಹೊಲ ನಮ್ಮದು, ಬೀಜ ನಮ್ಮದು, ಸಾಲವೂ ನಮ್ಮದೇ. ಆದುದರಿಂದ ಈ ಉತ್ತರ ಎಲ್ಲಿಂದ ಬರುತ್ತದೆ, ಯಾವುದನ್ನು ನಂಬಬಹುದು, ಯಾವುದನ್ನು ಪರೀಕ್ಷಿಸಬೇಕು ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯ.

ಉತ್ತರ ಎಲ್ಲಿಂದ ಬರುತ್ತದೆ?

ಗೂಗಲ್ ಮೊದಲಾದವುಗಳಿಗೆ ಶೋಧಯಂತ್ರಗಳೆಂದು ಹೆಸರು. ಜಗತ್ತಿನಲ್ಲಿ ಜನರು ಬರೆದು ಅಂತರ್ಜಾಲದಲ್ಲಿ ಇಟ್ಟಿರುವ ಪುಟಗಳನ್ನು ಇವು ಸದಾ ಓದಿಕೊಂಡು, ಯಾವ ಮಾತು ಯಾವ ಪುಟದಲ್ಲಿದೆ ಎಂಬ ದೊಡ್ಡ ಪಟ್ಟಿಯನ್ನು ಮಾಡಿ ಇಟ್ಟುಕೊಳ್ಳುತ್ತವೆ. ನೀವು ಪ್ರಶ್ನೆ ಕೇಳಿದಾಗ ಯಂತ್ರವು ಹೊಲಕ್ಕೆ ಹೋಗಿ ನೋಡುವುದಿಲ್ಲ. ನಿಮ್ಮ ಮಾತಿಗೆ ಹೊಂದುವ ಪುಟ ಯಾವುದು ಎಂದು ಆ ಪಟ್ಟಿಯಲ್ಲಿ ಹುಡುಕುತ್ತದೆ.

ಗೂಗಲ್ ಕಂಪನಿ ಅಮೆರಿಕದಲ್ಲಿ ಆರಂಭವಾದದ್ದು 1998ರಲ್ಲಿ. ಮೊದಮೊದಲು ಅದು ಪುಟಗಳ ಪಟ್ಟಿಯನ್ನಷ್ಟೇ ತೋರಿಸುತ್ತಿತ್ತು. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದು ಓದುವವನ ಕೆಲಸವಾಗಿತ್ತು. 2014ರಿಂದ ಒಂದು ಪುಟದಿಂದ ನಾಲ್ಕು ಸಾಲು ಎತ್ತಿ, ಚೌಕಟ್ಟು ಹಾಕಿ, ಇದೇ ಉತ್ತರವೆಂಬಂತೆ ಮೇಲೆ ತೋರಿಸತೊಡಗಿತು. 2024ರಿಂದ ನಮ್ಮ ದೇಶದಲ್ಲಿಯೂ ಕೃತಕ ಬುದ್ಧಿಮತ್ತೆಯು ಹಲವು ಪುಟಗಳ ಸಾರವನ್ನು ತನ್ನ ಮಾತಿನಲ್ಲಿ ಬರೆದು ಹೇಳುತ್ತಿದೆ. ಹೀಗೆ ಆರಿಸುವ ಕೆಲಸ ನಮ್ಮ ಕೈಯಿಂದ ಯಂತ್ರದ ಕೈಗೆ ಹೋಗಿದೆ. ಎಚ್ಚರ ಬೇಕಾದದ್ದು ಇಲ್ಲಿಯೇ.

ಯಾವ ಪ್ರಶ್ನೆಗೆ ಉತ್ತರ ಚೆನ್ನಾಗಿ ಬರುತ್ತದೆ?

ಮಲಪ್ರಭಾ ನದಿ ಹುಟ್ಟುವುದು ಎಲ್ಲಿ ಎಂದು ಕೇಳಿರಿ. ಖಾನಾಪುರ ತಾಲೂಕಿನ ಕಣಕುಂಬಿ ಎಂಬ ಉತ್ತರ ಬರುತ್ತದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಯಾವುದು ಎಂದರೆ 1924ರ ಬೆಳಗಾವಿ ಅಧಿವೇಶನವೆಂದು ಹೇಳುತ್ತದೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ ಎಂಬ ಲೆಕ್ಕವನ್ನೂ ತಪ್ಪದೆ ಕೊಡುತ್ತದೆ.

ಇದಕ್ಕೆ ಕಾರಣ ಸರಳ. ಇವು ಬದಲಾಗದ ಸಂಗತಿಗಳು. ಅನೇಕರು ಅನೇಕ ಕಡೆ ಒಂದೇ ರೀತಿ ಬರೆದಿದ್ದಾರೆ. ಹತ್ತು ಪುಟಗಳು ಒಂದೇ ಮಾತನ್ನು ಹೇಳುವಲ್ಲಿ ಯಂತ್ರ ಎಡವುವುದು ಕಡಿಮೆ.

ಕನ್ನಡಿಗರು ಕಂಡ ಒಂದು ಪಾಠ

ಆದರೆ ಯಂತ್ರ ಹೇಗೆ ಎಡವುತ್ತದೆ ಎಂಬುದನ್ನು ನಾವು ಕನ್ನಡಿಗರು 2021ರಲ್ಲಿಯೇ ಕಂಡಿದ್ದೇವೆ. ಆ ವರ್ಷ ಜೂನ್ ಮೊದಲ ವಾರದಲ್ಲಿ, ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಕನ್ನಡದ ಹೆಸರನ್ನು ತೋರಿಸಿತು. ನಾಡೆಲ್ಲ ಸಿಟ್ಟಿಗೆದ್ದಿತು. ಕಂಪನಿಗೆ ನೋಟೀಸು ಕೊಡುವುದಾಗಿ ರಾಜ್ಯದ ಸಚಿವರು ಹೇಳಿದರು. ಜೂನ್ 3ರಂದು ಗೂಗಲ್ ಕ್ಷಮೆ ಕೇಳಿ, ಆ ಉತ್ತರವನ್ನು ತೆಗೆದುಹಾಕಿತು. ಅದು ತನ್ನ ಅಭಿಪ್ರಾಯವಲ್ಲವೆಂದೂ ತಿಳಿಸಿತು.

ಅದು ಕಂಪನಿಯ ಅಭಿಪ್ರಾಯವಲ್ಲದಿದ್ದರೆ ಎಲ್ಲಿಂದ ಬಂತು? ಭಾಷೆಗೆ ಯಾವ ಸಂಬಂಧವೂ ಇಲ್ಲದ ಯಾವುದೋ ಪುಟದಲ್ಲಿ ಯಾರೋ ಹಾಗೆ ಬರೆದಿಟ್ಟಿದ್ದರು. ಪ್ರಶ್ನೆಯ ಮಾತೂ ಆ ಪುಟದ ಮಾತೂ ಹೊಂದಿದವು. ಯಂತ್ರ ಅದನ್ನೇ ಎತ್ತಿ ಚೌಕಟ್ಟಿನಲ್ಲಿ ಕೂಡಿಸಿತು. 2008ರಲ್ಲಿ ಶಾಸ್ತ್ರೀಯ ಭಾಷೆಯೆಂದು ಮಾನ್ಯವಾದ, ಎಂಟು ಜ್ಞಾನಪೀಠ ಪ್ರಶಸ್ತಿಗಳನ್ನು ಪಡೆದ ಭಾಷೆಗೆ ಈ ಗತಿಯಾಯಿತು.

ತಿಳಿದ ಮನುಷ್ಯನಿಗೆ ಆ ಪ್ರಶ್ನೆ ಕೇಳಿದ್ದರೆ, ಭಾಷೆಯಲ್ಲಿ ಕೊಳಕೆಂಬುದಿಲ್ಲ, ನಿಮ್ಮ ಪ್ರಶ್ನೆಯೇ ತಪ್ಪು ಎಂದು ಹೇಳುತ್ತಿದ್ದ. ಯಂತ್ರಕ್ಕೆ ಆ ಧೈರ್ಯ ಕಡಿಮೆ. ಕೇಳಿದ್ದಕ್ಕೆ ಏನನ್ನಾದರೂ ಹೊಂದಿಸಿ ಕೊಡುವುದೇ ಅದರ ಸ್ವಭಾವ.

2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇದೇ ಗೂಗಲ್‌ನ ಕೃತಕ ಬುದ್ಧಿಮತ್ತೆಯು ದಿನಕ್ಕೊಂದು ಸಣ್ಣ ಕಲ್ಲು ತಿನ್ನಬೇಕೆಂಬ ಸಲಹೆ ಕೊಟ್ಟಿತು. ಅದು ಒಂದು ಹಾಸ್ಯಪತ್ರಿಕೆ ನಗುವುದಕ್ಕಾಗಿ ಬರೆದ ಮಾತಾಗಿತ್ತು. ನಮ್ಮೂರ ಕಟ್ಟೆಯ ಮೇಲೆ ಒಬ್ಬರು ಚೇಷ್ಟೆಗೆ ಆಡಿದ ಮಾತು ಚೇಷ್ಟೆಯೆಂದು ಹುಡುಗರಿಗೂ ತಿಳಿಯುತ್ತದೆ. ಯಂತ್ರಕ್ಕೆ ತಿಳಿಯಲಿಲ್ಲ.

ಹೊಲದ ಪ್ರಶ್ನೆಯಲ್ಲಿ ಬರುವ ನಾಲ್ಕು ತಪ್ಪುಗಳು

ಕಲ್ಲು ತಿನ್ನೆಂದರೆ ಯಾರೂ ತಿನ್ನುವುದಿಲ್ಲ. ಆದರೆ ಹೊಲದ ಪ್ರಶ್ನೆಗೆ ಬರುವ ತಪ್ಪು ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ಅದೇ ಹೆಚ್ಚು ಅಪಾಯ.

ಮೊದಲನೆಯದು, ಊರಿನ ತಪ್ಪು. ಖಾನಾಪುರ ನಮ್ಮದೊಂದೇ ಅಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಒಂದು ಖಾನಾಪುರ ತಾಲೂಕಿದೆ. ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿ ಇನ್ನೊಂದಿದೆ. ಸಾಂಗಲಿಯ ಖಾನಾಪುರ ಬರಗಾಲಕ್ಕೆ ಹೆಸರಾದ ಸೀಮೆ. ನಮ್ಮ ಕಣಕುಂಬಿ, ಜಾಂಬೋಟಿ ಕಡೆ ಘಟ್ಟದ ಮಳೆ. ಬರೀ ಖಾನಾಪುರವೆಂದು ಕೇಳಿದರೆ ಆ ಊರಿನ ಹವೆ ಈ ಊರಿಗೆ ಬಂದೀತು. ನಮ್ಮ ತಾಲೂಕಿನೊಳಗೇ ಜಾಂಬೋಟಿಯ ಮಳೆಗೂ ಮೂಡಲ ಬೀಡಿ ಕಡೆಯ ಮಳೆಗೂ ಬಹಳ ಅಂತರ. ಪಂಜಾಬಿನ ನೀರಾವರಿ ಭತ್ತಕ್ಕೆ ಬರೆದ ಸಲಹೆ ನಮ್ಮ ಮಳೆಯಾಶ್ರಿತ ಕೂರಿಗೆ ಭತ್ತಕ್ಕೆ ಹೊಂದುವುದಿಲ್ಲ.

ಎರಡನೆಯದು, ಅಳತೆಯ ತಪ್ಪು. ವಿಜ್ಞಾನಿಗಳು ಹೆಕ್ಟೇರಿನ ಲೆಕ್ಕದಲ್ಲಿ ಬರೆಯುತ್ತಾರೆ. ನಾವು ಎಕರೆಯ ಲೆಕ್ಕದಲ್ಲಿ ಹಾಕುತ್ತೇವೆ. ಒಂದು ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಲೆಕ್ಕಕ್ಕಾಗಿ ಒಂದು ಉದಾಹರಣೆ: ಹೆಕ್ಟೇರಿಗೆ 100 ಕಿಲೋ ಸಾರಜನಕ ಎಂಬ ಉತ್ತರ ಬಂದಿತೆನ್ನಿರಿ. ಎಕರೆಗೆ ಅದು 40 ಕಿಲೋ ಆಯಿತು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ ಮಾತ್ರ. ಆದುದರಿಂದ ಎಕರೆಗೆ ಬೇಕಾಗುವ ಯೂರಿಯಾ ಸುಮಾರು 87 ಕಿಲೋ, ಎಂದರೆ 45 ಕಿಲೋ ಚೀಲ ಎರಡಕ್ಕಿಂತ ತುಸು ಕಡಿಮೆ. ಹೆಕ್ಟೇರನ್ನು ಎಕರೆಯೆಂದು ಓದಿದವನು ಅದೇ ಎಕರೆಗೆ ಸುಮಾರು ಐದು ಚೀಲ ಸುರಿಯುತ್ತಾನೆ. ಹಣ ಹೋಗುವುದಲ್ಲದೆ ಪೈರು ಮಲಗುತ್ತದೆ, ಬೆಂಕಿ ರೋಗಕ್ಕೆ ದಾರಿಯಾಗುತ್ತದೆ. ಸಾರಜನಕವನ್ನೇ ಯೂರಿಯಾ ಎಂದು ತಿಳಿದು 40 ಕಿಲೋ ಹಾಕಿದವನ ಬೆಳೆ ಹಸಿದು ನಿಲ್ಲುತ್ತದೆ. ಉತ್ತರ ಸರಿಯೇ ಇತ್ತು, ಅಳತೆ ತಪ್ಪಿತು.

ಮೂರನೆಯದು, ಕಾಲದ ತಪ್ಪು. ಅಂತರ್ಜಾಲದಲ್ಲಿ ಹಳೆಯ ಬರಹ ತಾನಾಗಿ ಅಳಿಯುವುದಿಲ್ಲ. ಗೇರಿನ ಟೀ ಸೊಳ್ಳೆಗೆ ಎಂಡೋಸಲ್ಫಾನ್ ಸಿಂಪಡಿಸಬೇಕೆಂದು ಒಂದು ಕಾಲದಲ್ಲಿ ಪುಸ್ತಕಗಳೇ ಹೇಳುತ್ತಿದ್ದವು. ಕಾಸರಗೋಡಿನ ಗೇರು ತೋಟಗಳ ಮೇಲೆ ಅದನ್ನು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಅಲ್ಲಿನ ಹಳ್ಳಿಗಳ ಜನ, ಮಕ್ಕಳು ಪಟ್ಟ ಪಾಡು ದೇಶಕ್ಕೆಲ್ಲ ತಿಳಿದಿದೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಆದರೆ 2011ಕ್ಕೆ ಮೊದಲು ಬರೆದ ಸಲಹೆ ಇಂದಿಗೂ ಯಂತ್ರದ ಕೈಗೆ ಸಿಗಬಹುದು. ಔಷಧದ ವಿಷಯದಲ್ಲಿ ತಾರೀಖು ನೋಡದೆ ಹೆಜ್ಜೆ ಇಡಬೇಡಿರಿ.

ನಾಲ್ಕನೆಯದು, ಮೋಸದ ಉತ್ತರ. ಬ್ಯಾಂಕಿನ ಅಥವಾ ಕಂಪನಿಯ ದೂರವಾಣಿ ಸಂಖ್ಯೆ ಯಾವುದೆಂದು ಕೇಳಿದಾಗ ಕಳ್ಳರು ತಾವೇ ಬರೆದಿಟ್ಟ ಸಂಖ್ಯೆ ಮೇಲೆ ಬರುವುದುಂಟು. ಆ ಸಂಖ್ಯೆಗೆ ಮಾತಾಡಿ ಒಟಿಪಿ ಹೇಳಿ ಹಣ ಕಳೆದುಕೊಂಡವರು ಬಹಳ ಮಂದಿ. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ಕಿನಲ್ಲಿಯೋ ಎಟಿಎಂ ಕಾರ್ಡಿನ ಹಿಂಭಾಗದಲ್ಲಿಯೋ ನೋಡಿರಿ. ಒಟಿಪಿಯನ್ನು ಯಾರಿಗೂ ಹೇಳಬೇಡಿರಿ. ಮೋಸವಾದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ಬೀಜದಂತೆ ಯಂತ್ರವನ್ನೂ ಪರೀಕ್ಷಿಸಿರಿ

ಬಿತ್ತುವ ಮೊದಲು ನೂರು ಕಾಳು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡುವ ರೂಢಿ ನಮ್ಮಲ್ಲಿದೆ. ಯಂತ್ರವನ್ನೂ ಹಾಗೆಯೇ ಪರೀಕ್ಷಿಸಬಹುದು. ನಿಮಗೆ ಉತ್ತರ ಚೆನ್ನಾಗಿ ಗೊತ್ತಿರುವ ಹತ್ತು ಪ್ರಶ್ನೆಗಳನ್ನು ಬರೆದುಕೊಳ್ಳಿರಿ: ನಿಮ್ಮೂರ ಗ್ರಾಮ ಪಂಚಾಯತಿ ಯಾವುದು, ಊರ ಸಮೀಪದ ಸಂತೆ ಯಾವ ವಾರ, ಊರ ಹಳ್ಳ ಯಾವ ಹೊಳೆಗೆ ಸೇರುತ್ತದೆ, ಇಂಥವು. ಜತೆಗೆ ದೇಶದ ಇತಿಹಾಸದ ಪ್ರಶ್ನೆ ಕೆಲವನ್ನು ಸೇರಿಸಿರಿ. ಒಂದೊಂದಾಗಿ ಕೇಳಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಗುರುತು ಹಾಕಿರಿ. ಕನ್ನಡದಲ್ಲಿ ಒಮ್ಮೆ, ಶಾಲೆಯ ಮಕ್ಕಳ ಸಹಾಯದಿಂದ ಇಂಗ್ಲಿಷಿನಲ್ಲಿ ಒಮ್ಮೆ, ಮರಾಠಿ ಬಲ್ಲವರು ಮರಾಠಿಯಲ್ಲಿ ಒಮ್ಮೆ ಕೇಳಿರಿ. ಓದುವ ಪುಟಗಳು ಬೇರೆಯಾದುದರಿಂದ ಉತ್ತರಗಳೂ ಬೇರೆಯಾಗಬಹುದು. ದೊಡ್ಡ ಸಂಗತಿಗಳಲ್ಲಿ ಯಂತ್ರ ಎಷ್ಟು ಗಟ್ಟಿ, ನಮ್ಮೂರ ಸಂಗತಿಗಳಲ್ಲಿ ಎಷ್ಟು ಜೊಳ್ಳು ಎಂಬುದು ಒಂದು ಸಂಜೆಯಲ್ಲಿ ತಿಳಿದುಹೋಗುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಈ ಗೊಬ್ಬರ ಒಳ್ಳೆಯದೇ ಎಂದು ಕೇಳಿದರೆ ಹೊಗಳಿದ ಪುಟ ಮುಂದೆ ಬಂದೀತು. ಇದರಿಂದ ಹಾನಿಯೇ ಎಂದರೆ ತೆಗಳಿದ ಪುಟ ಬಂದೀತು. ಎರಡನ್ನೂ ಕೇಳಿರಿ. ಊರು, ತಾಲೂಕು, ಜಿಲ್ಲೆ, ಬೆಳೆ, ಹಂಗಾಮು ಇವೆಲ್ಲವನ್ನೂ ಸೇರಿಸಿ ಕೇಳಿರಿ.

ಉತ್ತರ ಬಂದ ಮೇಲೆ ಈ ನಾಲ್ಕನ್ನು ನೋಡದೆ ಕೆಲಸಕ್ಕೆ ತೊಡಗಬೇಡಿರಿ:

1. ಬರೆದವರು ಯಾರು? ವಿಶ್ವವಿದ್ಯಾಲಯವೋ, ಸರಕಾರವೋ, ಸರಕು ಮಾರುವವನೋ?
2. ಬರೆದದ್ದು ಯಾವಾಗ?
3. ಯಾವ ಸೀಮೆಗೆ, ಯಾವ ಮಣ್ಣಿಗೆ ಬರೆದದ್ದು?
4. ಅಳತೆ ಯಾವುದು? ಎಕರೆಗೋ, ಹೆಕ್ಟೇರಿಗೋ, ಒಂದು ಲೀಟರ್ ನೀರಿಗೋ?

ಉತ್ತರದ ಕೆಳಗೆ ಅದು ಬಂದ ಪುಟದ ಹೆಸರಿರುತ್ತದೆ. ಅದನ್ನು ಒತ್ತಿದರೆ ಪುಟ ತೆರೆಯುತ್ತದೆ. ಈ ನಾಲ್ಕೂ ಅಲ್ಲಿ ಸಿಗದಿದ್ದರೆ ಆ ಉತ್ತರವನ್ನು ಕೇಳಿದ ಸುದ್ದಿಯೆಂದು ಎಣಿಸಿರಿ. ಅದರ ಮೇಲೆ ಹಣ ಹಾಕಬೇಡಿರಿ.

ಮನುಷ್ಯರನ್ನು ಕೇಳುವುದನ್ನು ಬಿಡಬೇಡಿರಿ

ಬೀಜ, ಗೊಬ್ಬರ, ಔಷಧಗಳ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ್ದಾಗಲಿ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ನಮ್ಮ ಸೀಮೆಗೆಂದೇ ಬೇಸಾಯ ಕ್ರಮಗಳನ್ನು ತಿಳಿಸುವ ಧಾರವಾಡದ ಕೃಷಿ ವಿಶ್ವವಿದ್ಯಾಲಯವಿದೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಖರ್ಚಿಲ್ಲದೆ ಮಾತಾಡಬಹುದು. ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ. ಇಲ್ಲಿನವರು ನಿಮ್ಮನ್ನು ತಿರುಗಿ ಪ್ರಶ್ನೆ ಕೇಳುತ್ತಾರೆ: ಮಣ್ಣು ಯಾವುದು, ಬಿತ್ತಿ ಎಷ್ಟು ದಿನವಾಯಿತು, ಎಲೆ ಯಾವ ಬಣ್ಣಕ್ಕೆ ತಿರುಗಿದೆ? ಸರಿಯಾದ ಉತ್ತರಕ್ಕೆ ಆ ಮರುಪ್ರಶ್ನೆಯೇ ಬುನಾದಿ.

ರೈತ ಬಾಂಧವರೇ, ಮೊಬೈಲನ್ನು ದೂರವಿಡಿರೆಂದು ಇದರ ಅರ್ಥವಲ್ಲ. ಲೆಕ್ಕಕ್ಕೆ, ತಾರೀಖಿಗೆ, ಹಳೆಯ ಸಂಗತಿಗೆ ಅದನ್ನು ಧಾರಾಳವಾಗಿ ಬಳಸಿರಿ. ಹೊಲದ ಮಾತು ಬಂದಾಗ ಅದು ಕೊಟ್ಟ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿರಿ. ಯಂತ್ರ ಓದಿದ್ದು ಜಗತ್ತಿನ ಕಾಗದವನ್ನು. ನಿಮ್ಮ ಹೊಲವನ್ನು ಓದಿದವರು ನೀವೇ. ಆ ಎರಡನ್ನೂ ಕೂಡಿಸಿ ನೋಡಿ ಕೂರಿಗೆ ಹೂಡಿರಿ.