ಬ್ರೇಕಿನಲ್ಲಿ ಸೋರುವ ಡೀಸೆಲ್



ಬೀದರಿನಲ್ಲಿ ಮನೆ, ಭಾಲ್ಕಿಯಲ್ಲೋ ಔರಾದಿನಲ್ಲೋ ಕೆಲಸ. ಹೀಗೆ ದಿನವೂ ಕಾರಿನಲ್ಲಿ ಓಡಾಡುವ ಶಿಕ್ಷಕರು, ನೌಕರರು, ವ್ಯಾಪಾರಿಗಳು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇರಬಹುದು. ಎರಡೂ ಊರುಗಳು ಬೀದರಿನಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಹೋಗಿ ಬರಲು ದಿನಕ್ಕೆ 80 ಕಿ.ಮೀ. ಎಂದಿಟ್ಟುಕೊಳ್ಳೋಣ. ತಿಂಗಳಿಗೆ 25 ದಿನವಾದರೆ 2,000 ಕಿ.ಮೀ. ಆಯಿತು. ಡೀಸೆಲ್ ಕಾರು ಲೀಟರಿಗೆ 16 ಕಿ.ಮೀ. ಓಡಿದರೆ 125 ಲೀಟರ್ ಬೇಕು, 20 ಕಿ.ಮೀ. ಓಡಿದರೆ 100 ಲೀಟರ್ ಸಾಕು. ನಡುವೆ ಉಳಿಯುವ 25 ಲೀಟರನ್ನು ಇಂದಿನ ದರದಿಂದ ಗುಣಿಸಿ ನೋಡಿ. ಅದು ಚಿಕ್ಕ ಮೊತ್ತವಲ್ಲ.

ಕಾರು ಅದೇ, ರಸ್ತೆಯೂ ಅದೇ. ಆದರೂ ಒರಟು ಚಾಲನೆಗೂ ಹದವಾದ ಚಾಲನೆಗೂ ಇಷ್ಟು ಅಂತರ ಬರಬಲ್ಲದು. ಹೇಗೆಂಬುದನ್ನು ನೀವು ತರಗತಿಯಲ್ಲಿ ಓದಿದ ಭೌತಶಾಸ್ತ್ರದಿಂದಲೇ ತಿಳಿಯೋಣ.

ಎಂಜಿನ್ನಿನೊಳಗೆ ನಡೆಯುವುದೇನು?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಗಮನಿಸಿರುತ್ತೀರಿ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿನ ತತ್ವವೂ ಇದೇ. ಸಿಲಿಂಡರಿನ ಗಾಳಿಯನ್ನು ಹದಿನಾರು, ಹದಿನೇಳರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು ಎಷ್ಟು ಕಾಯುತ್ತದೆಂದರೆ, ಒಳಗೆ ಸಿಂಪಡಿಸಿದ ಡೀಸೆಲ್ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಇಂಥ ಎಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದರು.

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದೆ. ಅದರಲ್ಲಿ ಚಕ್ರಗಳಿಗೆ ತಲುಪುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಉಳಿದದ್ದು ಶಾಖವಾಗಿ ರೇಡಿಯೇಟರಿನಿಂದಲೂ ಹೊಗೆ ಕೊಳವೆಯಿಂದಲೂ ಹೊರಹೋಗುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಚಕ್ರಕ್ಕೆ ತಲುಪಿದ ಆ ಒಂದು ಪಾಲನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಬ್ರೇಕಿನ ಲೆಕ್ಕ

1,200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗುತ್ತಿದೆ. ಅದರ ಚಲನಶಕ್ತಿ 2,40,000 ಜೂಲ್. ಇಷ್ಟು ಶಕ್ತಿಯನ್ನು ಕೊಡಲು ಸುಮಾರು 20ರಿಂದ 25 ಮಿಲಿಲೀಟರ್ ಡೀಸೆಲ್ ಸುಟ್ಟಿರಬೇಕು. ಕೆಮ್ಮಿನ ಔಷಧದ ಎರಡು ಮುಚ್ಚಳದಷ್ಟು ಎನ್ನಿ. ರಸ್ತೆ ಉಬ್ಬಿನ ಮುಂದೆ ಗಕ್ಕನೆ ಬ್ರೇಕ್ ಒತ್ತಿ ನಿಂತರೆ ಅಷ್ಟೂ ಡೀಸೆಲ್ ಬ್ರೇಕಿನ ಬಿಸಿಯಾಗಿ ಹೋಯಿತು. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಅರ್ಧ ಲೀಟರಿನ ಹತ್ತಿರ ಬರುತ್ತದೆ.

ಊರು, ಶಾಲೆ, ಉಬ್ಬು ಬಂದಾಗ ವೇಗ ತಗ್ಗಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನದನ್ನು ದೂರದಿಂದಲೇ ನೋಡಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಅಲ್ಲಿಯವರೆಗಿನ ದಾರಿಯನ್ನು ಕಾರು ಗಳಿಸಿದ ವೇಗದಿಂದಲೇ ಕ್ರಮಿಸುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಈ ರಸ್ತೆಗಳಲ್ಲಿ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳ ಬೆನ್ನಿಗೆ ಅಂಟಿಕೊಂಡು ಒಮ್ಮೆ ನುಗ್ಗುವುದು, ಒಮ್ಮೆ ಬ್ರೇಕ್ ಒತ್ತುವುದು ಡೀಸೆಲಿಗೂ ನಷ್ಟ, ಜೀವಕ್ಕೂ ಅಪಾಯ. ಸಾಕಷ್ಟು ಅಂತರ ಬಿಟ್ಟು ಒಂದೇ ಹದದಲ್ಲಿ ಹೋಗುವುದೇ ಜಾಣತನ.

ಇಳಿಜಾರು ಮತ್ತು ಏರು

ಬೀದರ್ ನಗರ ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಔರಾದಿನ ಕಡೆ ಹೊರಟರೆ ರಸ್ತೆ ಮಾಂಜ್ರಾ ಕಣಿವೆಗೆ ಇಳಿದು ನದಿಯನ್ನು ದಾಟುತ್ತದೆ. ಸಂಜೆ ಮರಳುವಾಗ ಮತ್ತೆ ಏರಬೇಕು. ನಮ್ಮ 1,200 ಕಿಲೋಗ್ರಾಂ ಕಾರನ್ನು ನೂರು ಮೀಟರ್ ಎತ್ತರಕ್ಕೆ ಏರಿಸುವುದಕ್ಕೇ ಸುಮಾರು 110 ಮಿಲಿಲೀಟರ್ ಡೀಸೆಲ್ ಬೇಕು.

ಇಳಿಜಾರಿನಲ್ಲಿ ಕೆಲವರು ಗೇರನ್ನು ನ್ಯೂಟ್ರಲ್‌ಗೆ ತರುತ್ತಾರೆ. ಎಂಜಿನ್ನನ್ನೇ ಆರಿಸುವವರೂ ಇದ್ದಾರೆ. ಇದರಿಂದ ಉಳಿತಾಯವೆಂಬುದು ಬರೀ ಭ್ರಮೆ. ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಇಂಧನದ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಡೀಸೆಲ್ ಸುಡುತ್ತಲೇ ಇರಬೇಕು. ಎಂಜಿನ್ನನ್ನೇ ಆರಿಸಿದರೆ ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ನೆರವು ತಪ್ಪಿ ಅನಾಹುತಕ್ಕೆ ದಾರಿಯಾಗುತ್ತದೆ.

ಗಾಳಿಯ ತಡೆ

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 60 ಕಿ.ಮೀ. ವೇಗ 80ಕ್ಕೇರಿದರೆ ತಡೆ ಸುಮಾರು 1.8 ಪಟ್ಟು, 100ಕ್ಕೇರಿದರೆ 2.8 ಪಟ್ಟು. ಊರುಗಳನ್ನು ಬಿಟ್ಟು 30 ಕಿ.ಮೀ. ತೆರೆದ ರಸ್ತೆ ಸಿಕ್ಕಿತೆನ್ನಿ. ಅಲ್ಲಿ 80ರ ಬದಲು 100ರಲ್ಲಿ ಓಡಿಸಿದರೆ ಉಳಿಯುವ ಸಮಯ ಕೇವಲ ನಾಲ್ಕೂವರೆ ನಿಮಿಷ. ಆ ನಾಲ್ಕೂವರೆ ನಿಮಿಷಕ್ಕಾಗಿ ಗಾಳಿಯೊಡನೆ ಒಂದೂವರೆ ಪಟ್ಟಿಗಿಂತ ಹೆಚ್ಚು ಸೆಣಸಬೇಕಾಗುತ್ತದೆ! ಮನೆಯಿಂದ ಐದು ನಿಮಿಷ ಮೊದಲೇ ಹೊರಡುವುದು ಲೇಸಲ್ಲವೇ?

ಆರೈಕೆ

ಟೈರಿನ ಗಾಳಿ ಕಡಿಮೆಯಾದರೆ ಟೈರು ನೆಲಕ್ಕೆ ಹೆಚ್ಚು ಬಾಗಿ ಕಾರು ಭಾರವಾಗಿ ಉರುಳುತ್ತದೆ. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಿಸಬೇಕು. ಬೇಸಿಗೆಯ ದೂಳಿನಿಂದ ಏರ್ ಫಿಲ್ಟರ್ ಕಟ್ಟಿದರೆ ಉಸಿರುಕಟ್ಟಿದ ಎಂಜಿನ್ ಕರಿಹೊಗೆ ಉಗುಳಬಹುದು. ಕರಿಹೊಗೆ ಎಂದರೆ ಪೂರ್ತಿ ಉರಿಯದ ಡೀಸೆಲ್. ಡಿಸೆಂಬರಿನ ಚಳಿಯಲ್ಲಿ ಎಂಜಿನ್ ಬಿಸಿಯಾಗಲೆಂದು ಹತ್ತು ನಿಮಿಷ ನಿಲ್ಲಿಸಿಡುವುದೂ ಬೇಡ. ಅರ್ಧ ನಿಮಿಷದ ನಂತರ ನಿಧಾನವಾಗಿ ಹೊರಟರೆ ಓಡುತ್ತಲೇ ಬೇಗ ಬಿಸಿಯಾಗುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೊಂದು ಇರುತ್ತದೆ. ಹೊಗೆ ಚೆನ್ನಾಗಿ ಕಾದಾಗ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಪೇಟೆಯೊಳಗೆ ಒಂದೆರಡು ಕಿ.ಮೀ. ಓಡಾಟಕ್ಕಷ್ಟೇ ಬಳಸಿದರೆ ಮಸಿ ಕಟ್ಟಿಕೊಳ್ಳುತ್ತದೆ. ಅದನ್ನು ಸುಡಲು ಹೆಚ್ಚುವರಿ ಡೀಸೆಲ್ ಬೇಕಾಗುತ್ತದೆ. ಆದ್ದರಿಂದ ಈ ಕಾರಿಗೆ ಭಾಲ್ಕಿ ರಸ್ತೆಯ ಒಂದೇ ಸಮನೆಯ ಓಟ ಹಿತ. ಪಕ್ಕದ ಬೀದಿಯ ಅಂಗಡಿಗೆ ಸೈಕಲ್ಲೇ ಹಿತ.

ನೀವು ಮಾಡಬಹುದಾದದ್ದು

ಸಾರಿಗೆ ನಿಗಮದ ಬಸ್ ಡಿಪೋಗಳಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕವಿಡುತ್ತಾರೆ. ನಿಮ್ಮ ಮನೆಯ ಕಾರಿಗೂ ಅಂಥದೊಂದು ಲೆಕ್ಕದ ಪುಸ್ತಕವನ್ನು ನೀವೇ ಇಡಿ. ಒಮ್ಮೆ ಟ್ಯಾಂಕ್ ತುಂಬಿಸಿದಾಗ ಮೀಟರಿನ ಅಂಕಿ ಬರೆದುಕೊಳ್ಳಿ. ಮುಂದಿನ ಸಲ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿದಾಗ, ಓಡಿದ ಕಿಲೋಮೀಟರನ್ನು ಈ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಒಂದು ತಿಂಗಳು ಎಂದಿನಂತೆ, ಮರುತಿಂಗಳು ಮೇಲೆ ಹೇಳಿದ ರೀತಿಯಲ್ಲಿ ಓಡಿಸಲು ಅಪ್ಪನಿಗೋ ಅಮ್ಮನಿಗೋ ಹೇಳಿ, ಎರಡನ್ನೂ ಹೋಲಿಸಿ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗ್ರಾಂಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ; ಅದನ್ನೂ ಲೆಕ್ಕಕ್ಕೆ ಸೇರಿಸಿ.

ಕೊನೆಯದಾಗಿ ಇನ್ನೊಂದು ಭಾಗಾಕಾರವಿದೆ. ಲೀಟರಿಗೆ 20 ಕಿ.ಮೀ. ಓಡುವ ಕಾರಿಗೆ 80 ಕಿ.ಮೀ.ಗೆ 4 ಲೀಟರ್ ಬೇಕು. ಒಬ್ಬರೇ ಹೋದರೆ ಆ ನಾಲ್ಕೂ ಲೀಟರ್ ಒಬ್ಬರ ಪಾಲಿಗೆ. ಒಂದೇ ದಾರಿಯ ನಾಲ್ವರು ಕೂಡಿ ಹೋದರೆ ತಲೆಗೆ ಸುಮಾರು ಒಂದು ಲೀಟರ್. ಭಾಲ್ಕಿಗೆ ರೈಲೂ ಇದೆ. ಔರಾದ್ ಪಟ್ಟಣಕ್ಕೆ ರೈಲಿಲ್ಲ, ಆದರೆ ಬಸ್ಸಿದೆ. ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಡೀಸೆಲ್ ಕುಡಿಯುವುದು ಖಾಲಿ ಸೀಟು. ಇದನ್ನು ಇಂದು ಸಂಜೆಯೇ ನಿಮ್ಮ ಮನೆಯವರಿಗೆ ಲೆಕ್ಕಸಹಿತ ತೋರಿಸಿ.